ಹನ್ನೊಂದನೇ ಅಂಕಿ

11 ಜೂನ್ 1996

ಪ್ರೀತಿಯ ಕತ್ತರಿ,

ನೀನು ಬಂದು ಹೋಗಿ ಮೂರು ವಾರ ಆಯ್ತು, ಅಕ್ಕ ಇನ್ನೂ ನಿನ್ನ ಕೂದಲಿನ ಸುದ್ದಿ ಬಿಟ್ಟಿಲ್ಲ. "ಸೊಂಟದವರೆಗೆ ಇತ್ತು, ಹುಡುಗರ ಹಾಗೆ ಕತ್ತರಿಸ್ಕೊಂಡು ಬಂದಿದಾಳಲ್ಲೇ" ಅಂತ ದಿನಕ್ಕೆರಡು ಸಲ. ಕಾಲೇಜಲ್ಲಿ ಬಣ್ಣದ ಪೇಪರ್ ಕತ್ತರಿಸಿ ಅಂಟಿಸ್ತಿದ್ದೋಳು, ಈಗ ಕತ್ತರಿ ತಲೆವರೆಗೂ ಬಂತು ಅಂತ ನಾನು ಸಮಾಧಾನ ಹೇಳ್ತೀನಿ.

ಅವತ್ತು ನನ್ನ ಕಂಪ್ಯೂಟರ್ ಮುಂದೆ ಕೂತು "ಹುಳೂ, ಇದನ್ನ ಪುಸ್ತಕ ಮಾಡೋಣ" ಅಂದೆಯಲ್ಲ, ಅದನ್ನ ನಾನು ನಿಜ ಅಂತಾನೇ ತಗೊಂಡಿದೀನಿ. ತಮಾಷೆಗೆ ಅಂದಿದ್ರೆ ಈಗಲೇ ಹೇಳಿಬಿಡು. ಹತ್ತೊಂಬತ್ತು ವರ್ಷದಿಂದ ಬೇರೆಯವರ ಬಾಯಿಗೆ ಹಲ್ಲು ಕಟ್ಟಿಕೊಂಡು ಕೂತಿರೋಳು ನಾನು. ನಾನು ಕಟ್ಟಿದ ಹಲ್ಲಲ್ಲಿ ಊರೆಲ್ಲ ನಗುತ್ತೆ, ಹೆಸರು ಮಾತ್ರ ಡಾಕ್ಟರದು. ಅದಕ್ಕೆ ಬೇಜಾರಿಲ್ಲ, ಹಲ್ಲಿನ ಹಿಂದೆ ಹೆಸರು ಕೆತ್ತೋಕಾಗುತ್ತಾ? ಆದರೆ ಈ ಚಿತ್ರಗಳು ನನ್ನವು ಕಣೇ. ಇವು ಒಂದೇ ಒಂದು ಸಲ ನನ್ನ ಹೆಸರಲ್ಲಿ ಜನರ ಮುಂದೆ ಹೋಗ್ಬೇಕು. ಇಷ್ಟು ಬಾಯ್ಬಿಟ್ಟು ಹೇಳ್ತಿರೋದು ನಿನ್ನ ಹತ್ರ ಮಾತ್ರ.

ಆರು ಫೋಟೋ ಇಟ್ಟಿದೀನಿ. ಪರದೆ ಎಳೆದು, ಕೋಣೆ ಕತ್ತಲು ಮಾಡಿ, ಕಂಪ್ಯೂಟರ್ ಗಾಜಿನ ಎದುರು ಕ್ಯಾಮೆರಾ ಇಟ್ಟು ತೆಗೆದದ್ದು. ಅಂಚು ಸ್ವಲ್ಪ ಉಬ್ಬಿದೆ, ಅದು ಗಾಜಿನ ಉಬ್ಬು, ಚಿತ್ರದ್ದಲ್ಲ.

ನಿಮ್ಮ ಪ್ರಕಾಶನದ ಯಜಮಾನರು ಫ್ರಾಕ್ಟಲ್ ಅಂದ್ರೇನು ಅಂತ ಕೇಳಿದ್ರೆ ಹೀಗೆ ಹೇಳು. ಒಂದು ಪುಟಾಣಿ ಲೆಕ್ಕ. ಒಂದು ಸಂಖ್ಯೆನ ಅದರಿಂದಲೇ ಗುಣಿಸು, ಇನ್ನೊಂದು ಕೂಡಿಸು, ಬಂದ ಉತ್ತರನ ಮತ್ತೆ ಅದೇ ಲೆಕ್ಕಕ್ಕೆ ಹಾಕು, ಮತ್ತೆ ಹಾಕು, ಮತ್ತೆ ಹಾಕು. ಕೆಲವು ಬೇಗ ಕೈತಪ್ಪಿ ಓಡಿಹೋಗ್ತವೆ, ಕೆಲವು ನಿಧಾನಕ್ಕೆ, ಕೆಲವು ಹೋಗೋದೇ ಇಲ್ಲ. ಎಷ್ಟನೇ ಸುತ್ತಲ್ಲಿ ಓಡಿತು ಅಂತ ನೋಡಿ ಪ್ರತಿ ಚುಕ್ಕೆಗೂ ಒಂದು ಬಣ್ಣ. ಓಡದೆ ಉಳಿದವು ಕಪ್ಪು. ಆ ಕಪ್ಪಿನ ಅಂಚಿಗೆ ಹೋಗಿ ಹಿಗ್ಗಿಸಿ ನೋಡಿದಷ್ಟೂ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಎಲ್ಲಿ ಹೋಗಿ ನಿಲ್ಲಬೇಕು, ಯಾವ ಬಣ್ಣ ಇರ್ಬೇಕು, ಅದು ನಂದು. ಬೆಳಗ್ಗೆ ಲ್ಯಾಬಿಗೆ ಹೊರಡೋ ಮುಂಚೆ ಲೆಕ್ಕಕ್ಕೆ ಹಚ್ಚಿ ಹೋದ್ರೆ ಸಂಜೆ ಬರೋ ಹೊತ್ತಿಗೆ ಒಂದು ಚಿತ್ರ ಆಗಿರುತ್ತೆ.

ಬೇಗ ಬರಿ. ಕಾಯೋಕೆ ನನಗೆ ಬರುತ್ತೆ, ಆದ್ರೂ ಬೇಗ ಬರಿ.

ನಿನ್ನ ಹುಳು


30 ಜೂನ್ 1996

ಹುಳೂ,

ತಮಾಷೆಯಂತೆ ತಮಾಷೆ! ಬೆನ್ನಿಗೆ ಎರಡು ಗುದ್ದು ಬೀಳುತ್ತೆ. ಒಂದು ಮಡಕೆ ಬಿಡಿಸು ಅಂದ್ರೆ ಮೂರು ದಿನ ತಗೋತಿದ್ದೆ ಅಂತ ನಿನಗೆ ಬಸವನಹುಳು ಅಂತ ಹೆಸರಿಟ್ಟೋಳು ನಾನು, ಆ ಹುಳದ ಪುಸ್ತಕ ತರೋಳೂ ನಾನೇ.

ಫೋಟೋಗಳನ್ನ ಯಜಮಾನರ ಮೇಜಿನ ಮೇಲೆ ಹರಡಿದೆ. ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದ್ರು. ಆಮೇಲೆ ಒಂದೇ ಪ್ರಶ್ನೆ: "ಇದು ಅವರ ಕೆಲಸವೋ, ಕಂಪ್ಯೂಟರ್ ಕೆಲಸವೋ?" ನಾನು ಏನೇನೋ ತೊದಲಿದೆ. ಇದಕ್ಕೆ ಒಂದು ಗಟ್ಟಿ ಉತ್ತರ ಬರೆದು ಕಳಿಸು, ಎಲ್ಲರೂ ಕೇಳೋದು ಅದನ್ನೇ.

ಇನ್ನೊಂದು. ಈ ಫೋಟೋಗಳನ್ನ ಪುಸ್ತಕದ ಅಳತೆಗೆ ಹಿಗ್ಗಿಸಿದ್ರೆ ಮಸುಕಾಗುತ್ತೆ. ನಮ್ಮ ಆಫೀಸಿಗೆ ಹೊಸ ಕಂಪ್ಯೂಟರ್ ಬಂದಿದೆ, ನಿಂದಕ್ಕಿಂತ ಹತ್ತು ಪಟ್ಟು ಜೋರು. ಎಲ್ಲಾ ಚಿತ್ರಗಳ ಸಂಖ್ಯೆ, ಬಣ್ಣದ ಪಟ್ಟಿ, ಆ ನಿನ್ನ ಲೆಕ್ಕದ ಫ್ಲಾಪಿ ಕಳಿಸು. ಇಲ್ಲಿ ಆಪರೇಟರ್ ಹುಡುಗಿ ದೊಡ್ಡದಾಗಿ ಮಾಡಿಕೊಡ್ತಾಳೆ. ಸೆಪ್ಟೆಂಬರ್‌ನಲ್ಲಿ ಕಲಾ ಸಲಹಾ ಸಮಿತಿ ಕೂರುತ್ತೆ, ಅಲ್ಲಿ ಗೆದ್ರೆ ಪುಸ್ತಕ ಆದ ಹಾಗೇ. ಸಮಿತಿಯಲ್ಲಿ ಯಾರ್ಯಾರಿದಾರೆ ಅಂತ ಆಮೇಲೆ ಹೇಳ್ತೀನಿ.

ಅಕ್ಕನಿಗೆ ಹೇಳು, ಕೂದಲು ಬೆಳೆಯುತ್ತೆ ಅಂತ.

ಕತ್ತರಿ


9 ಜುಲೈ 1996

ಪ್ರೀತಿಯ ಕತ್ತರಿ,

ನಿಮ್ಮ ಯಜಮಾನರಿಗೆ ಉತ್ತರ: ಡಾಕ್ಟರ್ ಅಚ್ಚು ಕಳಿಸ್ತಾರೆ, ಕುಲುಮೆ ಬೇಯಿಸುತ್ತೆ. ಹಾಗಂತ ಹಲ್ಲು ಮಾಡಿದ್ದು ಕುಲುಮೆ ಅಂತ ಯಾರಾದ್ರೂ ಅಂತಾರಾ? ನನ್ನ ಮೇಜಿನ ಮೇಲೆ ಹದಿನಾರು ಮಾದರಿ ಹಲ್ಲುಗಳ ಸಾಲು ಇದೆ, ಬಿಳಿಯಿಂದ ಹಿಡಿದು ಬೀಡಿ ಸೇದೋರ ಹಳದಿವರೆಗೆ. ಯಾರ ಬಾಯಿಗೆ ಯಾವ ಬಿಳಿ ಅನ್ನೋದನ್ನ ಕುಲುಮೆ ಹೇಳಲ್ಲ, ನಾನು ಹೇಳ್ತೀನಿ. ಈ ಲೆಕ್ಕದೊಳಗೂ ಕೋಟಿಗಟ್ಟಲೆ ಜಾಗ ಇದೆ, ಬಹುಪಾಲು ನೋಡೋ ಹಾಗಿರಲ್ಲ. ಒಂದು ಒಳ್ಳೇ ಜಾಗ ಹುಡುಕಿ ನಿಲ್ಲೋಕೆ ನನಗೆ ಒಮ್ಮೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತೆ. ಕಂಪ್ಯೂಟರ್ ನಡೆಯುತ್ತೆ, ದಾರಿ ತೋರಿಸೋಳು ನಾನು. ಇಷ್ಟು ಸಾಕಾ?

ಹತ್ತು ಚಿತ್ರದ ಸಂಖ್ಯೆ, ಒಂದೊಂದಕ್ಕೂ ಮೂರರಂತೆ, ಬೇರೆ ಹಾಳೆಯಲ್ಲಿ ಬರೆದಿದೀನಿ. ಫ್ಲಾಪಿ, ಮೊದಲು ಕಳಿಸದಿದ್ದ ಮೂರು ಚಿತ್ರದ ಫೋಟೋ ಜೊತೆಗಿವೆ. ಬಣ್ಣ ಎಲ್ಲದಕ್ಕೂ ಒಂದೇ ಪಟ್ಟಿ. ನನ್ನ ಹದಿನಾರು ಹಲ್ಲಿನ ಬಣ್ಣವನ್ನೇ ತಗೊಂಡಿದೀನಿ, ನಗಬೇಡ.

ನಾಲ್ಕನೇದರ ಫೋಟೋ ಇಲ್ಲ, ರೋಲ್ ಮುಗಿದಿತ್ತು. ಅದರ ಹೆಸರು 'ಜಡೆ'. ಹನ್ನೊಂದು ತಿಂಗಳು ಹುಡುಕಿದ್ದು. ನಿನಗೆ ಗೊತ್ತಲ್ಲ, ಅಕ್ಕನ ಕಣ್ಣು ಈಗೀಗ ಮಂಜು. ಕಂಪ್ಯೂಟರ್ ಕಂಡ್ರೆ ಮೂಗು ಮುರಿಯೋಳು. ಅವತ್ತು ಗಾಜಿಗೆ ಮೂಗು ತಾಗೋಷ್ಟು ಹತ್ತಿರ ಬಂದು ನೋಡಿದಳು. ಆಮೇಲೆ "ಇದು ನಾನು ನಿನಗೆ ಹಾಕ್ತಿದ್ದ ಜಡೆ ಕಣೇ" ಅಂದಳು. ಒಂದು ಜಡೆ, ಅದರ ಒಂದೊಂದು ಎಳೆಯೂ ಒಂದು ಜಡೆ, ಅದರ ಎಳೆಯೂ ಜಡೆ. ಇದು ಮುಖಪುಟ ಆಗ್ಬೇಕು ಅಂತ ನನ್ನಾಸೆ. ಅಕ್ಕ ಬಿಟ್ರೆ ಇದನ್ನ ನೋಡೋ ಮೊದಲನೇ ವ್ಯಕ್ತಿ ನೀನು. ದೊಡ್ಡದಾಗಿ ಮಾಡಿಸಿ ಕೂತ್ಕೊಂಡು ನೋಡು, ನೋಡಿ ಬರಿ.

ಎರಡು ಮಾತು ನಡೆಸಿಕೊಡು. ಒಂದು, ಪುಸ್ತಕದಲ್ಲಿ ಪ್ರತಿ ಚಿತ್ರದ ಕೆಳಗೆ ಅದರ ಸಂಖ್ಯೆ ಅಚ್ಚಾಗ್ಬೇಕು. ಅದು ವಿಳಾಸ ಇದ್ದ ಹಾಗೆ. ಯಾರು ಬೇಕಾದ್ರೂ ಮನೇಲಿ ಕೂತು ಅಲ್ಲಿಗೆ ಹೋಗಿ ನೋಡ್ಲಿ, ಗುಟ್ಟು ಮಾಡೋಕೆ ನನಗಿಷ್ಟ ಇಲ್ಲ. ಮೊದಲು ಹೋದೋಳು ನಾನು ಅಂತ ಗೊತ್ತಿದ್ರೆ ಸಾಕು.

ಎರಡನೇದು. ಸಮಿತಿಯಲ್ಲಿ ನಮ್ಮ ಮೇಷ್ಟ್ರು ಇದಾರೆ ಅಲ್ವಾ? ನೀನು ಹೆಸರು ನುಂಗಿದಾಗಲೇ ಗೊತ್ತಾಯ್ತು. ದೊಡ್ಡ ಕಲಾವಿದರು, ಇರಲಿ. ಆದರೆ ಎರಡನೇ ವರ್ಷ ಇಡೀ ಕ್ಲಾಸಿನ ಮುಂದೆ ನನ್ನ ಹಾಳೆ ಎತ್ತಿ ಹಿಡಿದು "ಇದರಲ್ಲಿ ಗೆರೆ ಇದೆ, ಕೈ ಇಲ್ಲ. ಹೋಗಿ ಟೈಪಿಂಗ್ ಕಲಿ" ಅಂದದ್ದು ನನಗಿನ್ನೂ ಕಿವಿಯಲ್ಲಿದೆ. ಮರುವಾರ ಕಾಲೇಜು ಬಿಟ್ಟೆ, ನೀನು ಗೇಟಿನವರೆಗೆ ಅಳ್ತಾ ಬಂದೆ. ಸಮಿತಿ ದಿನ ಎಲ್ಲರ ಜೊತೆ ನೋಡ್ಲಿ. ಅದಕ್ಕೆ ಮುಂಚೆ ಅವರೊಬ್ಬರಿಗೇ ತೋರಿಸಬೇಡ. ಇದೊಂದು ನನಗೋಸ್ಕರ.

ನಿನ್ನ ಹುಳು


14 ಜುಲೈ 1996

ಕತ್ತರಿ, ತಕ್ಷಣ ಓದು!

ಒಂದು ಎಡವಟ್ಟು ಮಾಡಿದೀನಿ. ನಾಲ್ಕನೇ ಚಿತ್ರ, ಜಡೆ, ಮೊದಲ ಸಂಖ್ಯೆಯಲ್ಲಿ ದಶಮಾಂಶ ಬಿಂದು ಆದ ಮೇಲೆ ಹನ್ನೊಂದನೇ ಅಂಕಿ 8 ಅಲ್ಲ, 3. ಲ್ಯಾಬಿನಲ್ಲಿ ಕೂತು ನೋಟ್‌ಬುಕ್ಕಿಂದ ನಕಲು ಮಾಡಿದ್ದೆ. ವಸಡು ಮಾಡೋ ಗುಲಾಬಿ ಮೇಣದ ಒಂದು ಎಳೆ ಅಂಕಿ ಮೇಲೆ ಅಂಟಿಕೊಂಡು 3 ಹೋಗಿ 8 ಆಗಿತ್ತು. ಇವತ್ತು ಉಗುರಲ್ಲಿ ಕೆರೆದಾಗ ಗೊತ್ತಾಯ್ತು.

ಒಂದು ಅಂಕಿ ತಾನೇ ಅನ್ಬೇಡ. ಅಷ್ಟು ಆಳದಲ್ಲಿ ಒಂದಂಕಿ ತಪ್ಪಿದ್ರೆ ಬೇರೆ ಊರಿಗೇ ಹೋಗಿಬಿಟ್ಟ ಹಾಗೆ. ಕುತೂಹಲಕ್ಕೆ 8 ಹಾಕಿಯೂ ನೋಡಿದೆ. ಅರ್ಧ ಚಿತ್ರ ಬರೀ ಕಪ್ಪು, ಇನ್ನರ್ಧ ಅಂಚು ಹರಿದ ಚಾಪೆ ಥರ, ಎಡಗಡೆ ಮೂಲೇಲಿ ಒಂದು ಕೊಕ್ಕೆ. ಅಕ್ಕನಿಗೆ ತೋರಿಸಿದ್ರೆ "ಇದನ್ನ ಬಾಗಿಲಲ್ಲಿ ಹಾಸು, ಕಾಲೊರೆಸೋಕೆ" ಅಂದಳು. ಇಬ್ಬರೂ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ದೇ ನಕ್ಕಿದ್ದು.

ಆ ಹುಡುಗಿಗೆ ಹೇಳಿ ತಿದ್ದಿಸು. ಮರೀಬೇಡ.

ಹುಳು


2 ಆಗಸ್ಟ್ 1996

ಹುಳೂ,

ಆಫೀಸಲ್ಲಿ ಉಸಿರಾಡೋಕೆ ಪುರುಸೊತ್ತಿಲ್ಲ, ಎರಡೇ ಸಾಲು. ಸಂಖ್ಯೆ ತಿದ್ದಿಸಿದೆ, ತಲೆ ಕೆಡಿಸ್ಕೋಬೇಡ. ಜಡೆ ಬಂತು ಕಣೇ! ಒಂದು ಗಂಟೆ ಅದರ ಮುಂದೆ ಕೂತಿದ್ದೆ, ಆಪರೇಟರ್ ಹುಡುಗಿ "ಮೇಡಂ, ಮನೆಗೆ ಹೋಗಲ್ವಾ" ಅಂತ ಕೇಳಬೇಕಾಯ್ತು. ಕಣ್ಣಲ್ಲಿ ನೀರು ಬಂತು. ಜಡೆ ಅಂದ್ರೆ ಜಡೆ.

ಉಳಿದದ್ದು ಸಮಿತಿ ಆದ ಮೇಲೆ.

ಕತ್ತರಿ


20 ಅಕ್ಟೋಬರ್ 1996

ಪ್ರೀತಿಯ ಕತ್ತರಿ,

"ಕಣ್ಣಲ್ಲಿ ನೀರು ಬಂತು" ಅನ್ನೋ ನಿನ್ನ ಕಾಗದ ಅಕ್ಕನಿಗೆ ಮೂರು ಸಲ ಓದಿ ಹೇಳಿದೀನಿ. ನಾಲ್ಕನೇ ಸಲ ಓದು ಅಂದಾಗ "ಬಾಯಿಪಾಠ ಆಗಿದೆ, ಹೋಗೇ" ಅಂದೆ.

ಸಮಿತಿ ಮುಂದಕ್ಕೆ ಹೋಯ್ತೇನೋ. ಸೆಪ್ಟೆಂಬರ್ ಅಂದಿದ್ದೆ. ಇಲ್ಲಿ ಲ್ಯಾಬಿನ ಯಜಮಾನರು ದಿನಾ "ಎಲ್ಲಿಗೆ ಬಂತಮ್ಮ ನಿನ್ನ ಪುಸ್ತಕ" ಅಂತ ಕೇಳ್ತಾರೆ. ಅಚ್ಚಿನ ಮನೆ, ತಡ ಆಗುತ್ತೆ ಅಂತ ನಾನೇ ನಿನ್ನ ಪರವಾಗಿ ವಕಾಲತ್ತು ಮಾಡ್ತೀನಿ. ಹೊಸ ಎರಡು ಚಿತ್ರ ಆಗಿವೆ, ಬೇಕಾದ್ರೆ ಹೇಳು.

ನಿನ್ನ ಹುಳು


8 ಜನವರಿ 1997

ಪ್ರೀತಿಯ ಕತ್ತರಿ,

ಮೈ ಹುಷಾರಾಗಿದೀಯಾ? ಆಫೀಸಿಗೆ ಫೋನ್ ಮಾಡಿಸಿದ್ದೆ, ಲ್ಯಾಬಿನ ಫೋನಿಂದ. ಎರಡು ಸಲವೂ "ಮೀಟಿಂಗಲ್ಲಿ ಇದಾರೆ" ಅಂದ್ರು. ಕೆಲಸ ಜಾಸ್ತಿ ಇರ್ಬೇಕು. ಸಮಿತಿ ಬೇಡ ಅಂದಿದ್ರೆ ಅದನ್ನೇ ಬರಿ ಕಣೇ, ನಾನೇನು ನಿನ್ನ ಮೇಲೆ ಮುನಿಸಿಕೊಳ್ತೀನಾ? ಏನೂ ಬರೆಯದೆ ಇದ್ರೆ ನಾನು ನೂರೆಂಟು ಯೋಚನೆ ಮಾಡ್ತೀನಿ.

ಹುಳು


3 ಮಾರ್ಚ್ 1997

ಪ್ರೀತಿಯ ಹುಳು,

ಕ್ಷಮಿಸು. ಕೆಟ್ಟ ಸುದ್ದಿ ಬರೆಯೋಕೆ ಕೈ ಏಳ್ತಿರಲಿಲ್ಲ.

ಸಮಿತಿ ಒಪ್ಪಲಿಲ್ಲ. ನಾನು ನಿನ್ನ ಹಲ್ಲು, ಕುಲುಮೆ, ಎಲ್ಲಾ ಹೇಳಿದೆ. "ಚೆನ್ನಾಗಿದೆ, ಆದರೆ ಕಲೆ ಅಲ್ಲ. ಬಟನ್ ಒತ್ತಿದ್ರೆ ಬರುತ್ತೆ ಅಂತ ಜನಕ್ಕೆ ಗೊತ್ತಾದ್ರೆ ಪುಸ್ತಕ ಮುಟ್ಟಲ್ಲ" ಅಂದ್ರು. ಯಾರೋ ಒಬ್ಬರು, ಇದನ್ನೇ ಕುಂಚದಲ್ಲಿ ಮಾಡಿದ್ರೆ ಲೋಕ ತಲೆ ಮೇಲೆ ಹೊತ್ಕೊಂಡು ಕುಣೀತಿತ್ತು ಅಂದ್ರು. ಹಾಗೆ ನೋಡಿದ್ರೆ ಸುಳ್ಳೂ ಅಲ್ಲ. ಜನ ಇನ್ನೂ ತಯಾರಾಗಿಲ್ಲ ಹುಳು. ಹತ್ತು ವರ್ಷ ಬೇಕು.

ಫೋಟೋಗಳನ್ನ ಹುಡುಕಿಸಿ ಕಳಿಸ್ತೀನಿ, ಆಫೀಸ್ ಮಹಡಿ ಬದಲಾಯಿಸುವಾಗ ಎಲ್ಲೋ ಸೇರಿಹೋಗಿವೆ. ನನ್ನನ್ನ ಕಲಾ ವಿಭಾಗದ ಮುಖ್ಯಸ್ಥೆ ಮಾಡಿದಾರೆ, ಜನವರಿಯಿಂದ. ಸಂತೋಷದ ಸುದ್ದಿ ಅಂತ ಹೇಳೋಕೂ ಮನಸ್ಸಿಲ್ಲ ಈಗ.

ನಿನ್ನ ಕತ್ತರಿ


15 ಮಾರ್ಚ್ 1997

ಪ್ರೀತಿಯ ಕತ್ತರಿ,

ಎಂಥಾ ಹುಚ್ಚಿ ನೀನು, ಮುಖ್ಯಸ್ಥೆ ಆದದ್ದನ್ನ ಕಾಗದದ ಬಾಲದಲ್ಲಿ ಬರೀತಾರಾ? ಅಕ್ಕ ಕೇಳಿದ ಕೂಡಲೇ ಬೀದಿಗೆಲ್ಲ ಹೇಳಿ ಬಂದಳು.

ನನ್ನ ಚಿಂತೆ ಬಿಡು. ಎರಡು ದಿನ ಅತ್ತೆ, ಸುಳ್ಳು ಯಾಕೆ ಹೇಳ್ಲಿ. ಮೂರನೇ ದಿನ ಒಬ್ಬರಿಗೆ ಮೇಲಿನ ಸಾಲಿನ ಆರು ಹಲ್ಲು ಅರ್ಜೆಂಟ್ ಬೇಕಾಗಿತ್ತು, ಮಗಳ ಮದುವೆಯಂತೆ. ಕೂತು ಕಟ್ಟಿಕೊಟ್ಟೆ. ನೀನು ನನಗಾಗಿ ಹೋರಾಡಿದೆಯಲ್ಲ, ಅಷ್ಟು ಸಾಕು. ನನ್ನ ಪಾಲಿಗೆ ಅಂತ ಒಬ್ಬಳಾದ್ರೂ ಆ ಕೋಣೆಯಲ್ಲಿ ಇದ್ದಳು.

ಒಂದು ಸಣ್ಣ ಖುಷಿ. ಗಣಿತ ಮೇಷ್ಟ್ರುಗಳಿಗಂತಾನೇ ಒಂದು ಪುಟ್ಟ ತ್ರೈಮಾಸಿಕ ಇದೆ, ಪಿನ್ ಹೊಡೆದದ್ದು. ನಿವೃತ್ತ ಶಾಲಾ ಶಿಕ್ಷಕರೊಬ್ಬರು ನಡೆಸ್ತಾರೆ. ಅವರಿಗೊಂದು ಚಿತ್ರ ಕಳಿಸಿದ್ದೆ. ಕಪ್ಪು ಬಿಳುಪಲ್ಲಿ ಹಾಕಿದಾರೆ, ಬೆಂಕಿಪೊಟ್ಟಣದಷ್ಟಗಲ. ಕೆಳಗೆ ಸಂಖ್ಯೆ ಇದೆ. ಅದರ ಕೆಳಗೆ ನನ್ನ ಹೆಸರು.

ಫೋಟೋ ಸಿಕ್ಕಿದಾಗ ಕಳಿಸು, ಅವಸರ ಇಲ್ಲ.

ನಿನ್ನ ಹುಳು


2 ಡಿಸೆಂಬರ್ 1997

ಕತ್ತರಿ,

ನಿನ್ನೆ ಆರು ಹಲ್ಲಿನ ಡಬ್ಬ ಕೊಡೋಕೆ ಡಾಕ್ಟರ ಕ್ಲಿನಿಕ್ಕಿಗೆ ಹೋಗಿದ್ದೆ. ಅವರು ಯಾರದೋ ಬಾಯೊಳಗಿದ್ರು, ಬೆಂಚಿನ ಮೇಲೆ ಕೂತು ಕಾಯ್ತಿದ್ದೆ. ಪಕ್ಕದಲ್ಲಿ ವಾರಪತ್ರಿಕೆಗಳ ರಾಶಿ. ಮೇಲಿನದನ್ನ ಎತ್ತಿಕೊಂಡೆ. ಮುಖಪುಟದಲ್ಲಿ ನಮ್ಮ ಮೇಷ್ಟ್ರು, ಭುಜದ ಮೇಲೆ ಶಾಲು, ಕೈಯಲ್ಲಿ ಕುಂಚ. ಒಳಗೆ ನಾಲ್ಕು ಪುಟ ಬಣ್ಣದಲ್ಲಿ, ಮಧ್ಯೆ ಬಿಚ್ಚಿ ನೋಡೋ ದೊಡ್ಡ ಹಾಳೆ. ಹತ್ತು ಕ್ಯಾನ್ವಾಸಿನ ಪ್ರದರ್ಶನ. ನಿಮ್ಮದೇ ಪ್ರಕಾಶನ ಪುಸ್ತಕವನ್ನೂ ತಂದಿದೆ. ಅದರ ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ "ವಿನ್ಯಾಸ" ಅಂತ ಹಾಕಿ ನಿನ್ನ ಹೆಸರು.

ಒಂಬತ್ತು ನೋಡಿದ ಮೇಲೂ ಮನಸ್ಸು ಒಪ್ಪಲಿಲ್ಲ. ಇಂಥ ಸುರುಳಿ ಯಾರು ಬೇಕಾದ್ರೂ ಬರೀಬಹುದು, ಸಮಿತಿಯಲ್ಲಿ ನೋಡಿದ್ದು ತಲೇಲಿ ಉಳಿದಿರಬಹುದು ಅಂತ ನಿನ್ನ ಪರವಾಗಿ ಮತ್ತೆ ವಕಾಲತ್ತು ಶುರು ಮಾಡ್ದೆ. ಆಮೇಲೆ ಮಧ್ಯದ ಹಾಳೆ ಬಿಚ್ಚಿದೆ. 'ಮೌನದ ಅಂಚು' ಅಂತ ಹೆಸರು. ಅರ್ಧ ಕಪ್ಪು. ಅದನ್ನ ನೋಡಿದ ಮೇಲೆ ನನಗೆ ಸಂಶಯ ಉಳಿದಿಲ್ಲ. ಅದರ ಫೋಟೋ ನಾನು ಯಾರಿಗೂ ಕೊಟ್ಟಿಲ್ಲ. ಅದರ ಸಂಖ್ಯೆ ನಾನು ನಿನಗೆ ಬರೆದ ಕಾಗದದಲ್ಲಿ ಬಿಟ್ರೆ ಈ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ. ಇವತ್ತು ಬೆಳಗ್ಗೆ ಅದನ್ನ ಲೆಕ್ಕಕ್ಕೆ ಹಚ್ಚಿ ಹೋಗಿದ್ದೆ. ಸಂಜೆ ಬಂದು ಪತ್ರಿಕೆ ಪಕ್ಕದಲ್ಲಿಟ್ಟು ನೋಡಿದೆ. ಎಡಮೂಲೆಯ ಕೊಕ್ಕೆ ಸಮೇತ ಅದೇ.

ವಿಮರ್ಶಕರು "ಯಂತ್ರಯುಗಕ್ಕೆ ಕುಂಚ ಕೊಟ್ಟ ಉತ್ತರ" ಅಂತ ಬರೆದಿದಾರೆ. ಬಣ್ಣ ಆನೆದಂತದ ಬಣ್ಣವಂತೆ. ಆನೆದಲ್ಲಪ್ಪ, ಬೀಡಿ ಸೇದೋ ಮನುಷ್ಯರದು! ಬೆಂಚಿನ ಮೇಲೆ ಕೂತು ಜೋರಾಗಿ ನಕ್ಕುಬಿಟ್ಟೆ, ಪಕ್ಕದವರು ಹಲ್ಲುನೋವಿಗೆ ಹೀಗಾಗಿದೆ ಅಂದ್ಕೊಂಡಿರಬೇಕು.

ಯಾರೋ ಕದ್ರು ಅಂತ ಬರಿ. ಆಪರೇಟರ್ ಹುಡುಗಿ ಕೊಟ್ಟಳು ಅಂತ ಬರಿ. ನಿನಗೆ ಗೊತ್ತೇ ಇರಲಿಲ್ಲ ಅಂತ ಬರಿ, ನಾನು ನಂಬೋಕೆ ತಯಾರಿದೀನಿ. ಅಕ್ಕನಿಗೆ ಇನ್ನೂ ಏನೂ ಹೇಳಿಲ್ಲ.


19 ಡಿಸೆಂಬರ್ 1997

ಪ್ರೀತಿಯ ಹುಳು,

ನಿನ್ನ ಹತ್ರ ಕಾಗೆ ಹಾರಿಸಲ್ಲ. ಕೊಟ್ಟದ್ದು ನಾನೇ.

ಕೋಪ ಮಾಡ್ಕೊಳ್ಳೋ ಮುಂಚೆ ಪೂರ್ತಿ ಓದು. ಸಮಿತಿಗೆ ಎರಡು ವಾರ ಮುಂಚೆ ಮೇಷ್ಟ್ರು ಆಫೀಸಿಗೆ ಬಂದಿದ್ರು. ಚಿತ್ರಗಳು ನನ್ನ ಮೇಜಿನ ಮೇಲಿದ್ವು. ಅವರು ನೋಡಿ ಅಲ್ಲಾಡಲಿಲ್ಲ, ನಿಂತೇ ಬಿಟ್ರು. ಯಾರದು ಅಂತ ಕೇಳಿದ್ರು. ನಿನ್ನ ಹೆಸರು ಹೇಳಿದ್ರೆ ಎಲ್ಲಿ ಮೂಗೆಳೀತಾರೋ ಅಂತ "ಕಂಪ್ಯೂಟರಿಂದು" ಅಂದೆ. ಅಷ್ಟೇ ನಾನು ಮಾಡಿದ ತಪ್ಪು. ಒಂದು ವಾರಕ್ಕೆ ಅಂತ ತಗೊಂಡು ಹೋದ್ರು. ಆಮೇಲೆ ದೊಡ್ಡ ಅಳತೇಲಿ ಬೇಕು ಅಂದ್ರು, ಮಾಡಿಸಿ ಕೊಟ್ಟೆ. ಶಿಷ್ಯರು ಅವನ್ನ ಸ್ಲೈಡ್ ಮಾಡಿ, ಕ್ಯಾನ್ವಾಸಿನ ಮೇಲೆ ಬೆಳಕು ಬಿಟ್ಟು ಗೆರೆ ಎಳೆದ್ರು, ಮೇಷ್ಟ್ರು ಬಣ್ಣ ತುಂಬಿದ್ರು. ಯಜಮಾನರು ಅವರ ಮಾತು ಮೀರಲ್ಲ ಅನ್ನೋದು ನಿನಗೂ ಗೊತ್ತು. ನನ್ನ ಕುರ್ಚಿ ಬಗ್ಗೆ ನೀನು ಏನಂದ್ಕೊಂಡಿದೀಯ ಅಂತ ಊಹಿಸಬಲ್ಲೆ. ಹದಿನಾರು ವರ್ಷ ಬೇರೆಯವರ ಕೈಕೆಳಗೆ ಮುಖಪುಟ ಮಾಡಿದೀನಿ ಹುಳು, ಆ ಕುರ್ಚಿ ನನಗೆ ಪುಕ್ಕಟೆ ಬಂದದ್ದಲ್ಲ.

ಒಂದು ಮಾತು ಕೇಳ್ತೀನಿ, ಎದೆ ಮುಟ್ಟಿಕೊಂಡು ಉತ್ತರ ಹೇಳು. ಹನ್ನೆರಡು ದಿನದಲ್ಲಿ ನಾಲ್ಕು ಸಾವಿರ ಜನ ನಿಂತು ನೋಡಿದ್ರು. ಅಳೋರು ಇದ್ರು. ಜನ ಇವನ್ನ ಒಪ್ಪಬೇಕು ಅಂತ ತಾನೇ ನಿನಗಿದ್ದದ್ದು? ಒಪ್ಪಿದ್ರು. ನಿನ್ನ ಚಿತ್ರ ನಿನ್ನ ಕೋಣೆಯಿಂದ ಹೊರಗೆ ಬಂತು. ನಾನಿಲ್ದಿದ್ರೆ ಬರ್ತಿತ್ತಾ?

ಅದರಲ್ಲೂ ಆ ಕಪ್ಪು ಚಿತ್ರ, ನಿನ್ನ ಜಡೆ. ಅದು ದೊಡ್ಡದು ಅಂತ ಮೊದಲ ದಿನ ಕಂಪ್ಯೂಟರಲ್ಲಿ ಬಂದಾಗಲೇ ನನಗೆ ಗೊತ್ತಾಗಿತ್ತು. ಒಂದು ಗಂಟೆ ಕೂತು ನೋಡಿದ್ದೆ, ಬರೆದಿದ್ದೆನಲ್ಲ. ಬಿಚ್ಚಿದ ಜಡೆ, ಅದರ ಹಿಂದಿನ ಕತ್ತಲೆ. ಪ್ರದರ್ಶನದಲ್ಲಿ ಅದರ ಮುಂದೆ ನಿಂತಾಗಲೆಲ್ಲ ನೀನೂ ಅಕ್ಕನೂ ನೆನಪಾಗ್ತಿದ್ರಿ.

ನಾನೊಂದು ದಾರಿ ಹುಡುಕಿದೀನಿ. ಮುಂದಿನ ವರ್ಷ ನಿನ್ನ ಪುಸ್ತಕ ತರೋಣ. ಮೇಷ್ಟ್ರು ಮುನ್ನುಡಿ ಬರೀತಾರೆ. ಅವರ ಕುಂಚದಿಂದ ಪ್ರೇರಣೆ ಪಡೆದ ಶಿಷ್ಯೆ ಕಂಪ್ಯೂಟರಲ್ಲಿ ಮಾಡಿದ ಪ್ರಯೋಗ ಅಂತ. ಆಗ ಯಾರೂ ತಕರಾರು ತೆಗೆಯಲ್ಲ, ಜನ ನಿನ್ನನ್ನೂ ಒಪ್ತಾರೆ. ಕೈ ಮುಗೀತೀನಿ, ಎಲ್ಲಿಗೂ ಏನೂ ಬರೀಬೇಡ. ನನ್ನ ಕೆಲಸ ಹೋಗುತ್ತೆ. ಇದೊಂದನ್ನ ಹೊಟ್ಟೆಗೆ ಹಾಕ್ಕೋ.

ನಿನ್ನ ಕತ್ತರಿ


4 ಜನವರಿ 1998

ನಿನ್ನ ಕಾಗದ ಪೂರ್ತಿ ಓದಿದೆ. ನಾನು ಯಾವತ್ತೂ ಪೂರ್ತಿ ಓದ್ತೀನಿ.

ಎದೆ ಮುಟ್ಟಿಕೊಂಡು ಹೇಳು ಅಂದೆಯಲ್ಲ, ಹೇಳ್ತೀನಿ. ಚಿತ್ರ ಹೋಯ್ತು ಅಂತ ನನಗೆ ಹೊಟ್ಟೆ ಉರೀತಿಲ್ಲ. ಸಂಖ್ಯೆನ ಊರಿಗೆಲ್ಲ ಹಂಚಿ ಅಂದೋಳೇ ನಾನು. ಮೇಷ್ಟ್ರು ಸಂಖ್ಯೆ ಹಾಕಿ, ಇಂಥ ಕಡೆ ಹೋಗಿದ್ದೆ, ದಾರಿ ತೋರಿಸಿದ್ದು ಇವಳು ಅಂತ ಒಂದು ಸಾಲು ಬರೆದಿದ್ರೆ ನಾನೇ ಹೋಗಿ ಕೈ ಮುಗಿದು ಬರ್ತಿದ್ದೆ. ಜನ ಒಪ್ಪಿದ್ದು ಏನನ್ನ? ಕುಂಚನ. ನನ್ನ ಲೆಕ್ಕ, ನನ್ನ ಕಂಪ್ಯೂಟರ್ ಎರಡನ್ನೂ ಅಳಿಸಿ ಹಾಕಿದ ಮೇಲೆ ಒಪ್ಪಿದ್ರು. ಅದು ನನ್ನನ್ನ ಒಪ್ಪಿದ ಹಾಗಾ? ಈಗ ನನ್ನ ಚಿತ್ರಕ್ಕೆ ನಾನೇ ನಕಲು ಮಾಡಿದೋಳು ಅಂತ ಹೇಳಿಸಿಕೊಂಡು ಪುಸ್ತಕ ತರಬೇಕು. ಕಿವಿ ಮೇಲೆ ಹೂವಿಡೋಕೂ ಒಂದು ಮಿತಿ ಬೇಡವಾ?

ಗಣಿತದ ಪತ್ರಿಕೆಯ ಸಂಪಾದಕರಿಗೆ ನಿನ್ನ ಕಾಗದ ಬರೋ ಮುಂಚೆಯೇ ಬರೆದಿದ್ದೆ. ವಾರಪತ್ರಿಕೆಯ, ಮೇಷ್ಟ್ರ ಹೆಸರಿದ್ದ ಮಧ್ಯದ ಹಾಳೆಯನ್ನೂ ಸಂಖ್ಯೆಯನ್ನೂ ಕಳಿಸಿದ್ದೆ. ಬೇರೇನೂ ಹೇಳಿರಲಿಲ್ಲ, ಸುಮ್ಮನೆ ಇದನ್ನ ಲೆಕ್ಕಕ್ಕೆ ಹಾಕಿ ನೋಡಿ ಸಾರ್ ಅಂತ. ಅವರ ಊರಿನ ಶಾಲೇಲಿ ಒಂದು ಕಂಪ್ಯೂಟರ್ ಇದೆ. ಎಂಟು ದಿನದ ಮೇಲೆ ಲ್ಯಾಬಿಗೆ ಫೋನ್ ಬಂತು. ಎಪ್ಪತ್ತು ವರ್ಷದ ಮನುಷ್ಯ, ಫೋನಲ್ಲಿ ಕೂಗ್ತಾರೆ: "ಅಮ್ಮಾ, ಬಂತು! ಗೆರೆ ಗೆರೆಯಾಗಿ ಮೇಲಿಂದ ಕೆಳಗೆ ಬಂತು! ಇಡೀ ಸ್ಟಾಫ್ ರೂಮು ನಿಂತು ನೋಡ್ತು!" ಆಮೇಲೆ ದನಿ ತಗ್ಗಿಸಿ "ಎಂಥ ಅನ್ಯಾಯ ಆಗಿದೆಯಮ್ಮ ನಿಮಗೆ" ಅಂದ್ರು. ಅಲ್ಲಿವರೆಗೆ ಗಟ್ಟಿಯಾಗೇ ಇದ್ದೆ. ಅಷ್ಟು ಮಾತಿಗೆ ಕೈಯಲ್ಲಿದ್ದ ಅಚ್ಚು ನೆಲಕ್ಕೆ ಬಿತ್ತು, ಯಾರದೋ ಕೆಳದವಡೆ, ಮೂರು ತುಂಡಾಯ್ತು.

ಮುಂದಿನ ಸಂಚಿಕೆಯಲ್ಲಿ ಹಾಕ್ತಿದಾರೆ. ಹತ್ತೂ ಚಿತ್ರದ ಸಂಖ್ಯೆ, ಜೊತೆಗೆ ಹನ್ನೊಂದನೇದಾಗಿ ಆ ಕಪ್ಪು ಚಿತ್ರದ್ದು. ಮಾಡೋ ಕ್ರಮ, ನನ್ನ ಹೆಸರು, ನಾನು ನಿನಗೆ ಬರೆದ ತಾರೀಕು. ಚಂದಾದಾರರು ಆರುನೂರು ಜನ. ಅದರ ಒಂದು ಪ್ರತಿ ವಾರಪತ್ರಿಕೆಗೂ ಒಂದು ನಿಮ್ಮ ಯಜಮಾನರಿಗೂ ಅವರೇ ಕಳಿಸ್ತಾರೆ. ನಿನ್ನ ಕೆಲಸ ಹೋಗಬಹುದು. ಅದಕ್ಕೆ ನನಗೆ ಸಂತೋಷ ಆಗ್ತಿಲ್ಲ, ಆದರೆ ನಿಲ್ಲಿಸೋಕೂ ಮನಸ್ಸಿಲ್ಲ. ಮುಂಚೆಯೇ ನಿನಗೆ ಹೇಳ್ತಿದೀನಿ. ನೀನು ನನಗೆ ಹೇಳಿರಲಿಲ್ಲ.

ಆ ಹನ್ನೊಂದನೇ ಚಿತ್ರ ಯಾಕೆ ಬೇರೆ ಅಂತ ನಿನಗಿನ್ನೂ ಹೊಳೆದಿರಲಿಕ್ಕಿಲ್ಲ. ಅದು ಜಡೆ ಅಲ್ಲ. ಅದು ತಪ್ಪು ಸಂಖ್ಯೆ. ಮೇಣ ಅಂಟಿ 3 ಹೋಗಿ 8 ಆಗಿತ್ತು, ತಿದ್ದಿಸು ಅಂತ ಜುಲೈ 14ಕ್ಕೆ ಬರೆದಿದ್ದೆ. ಹರಿದ ಚಾಪೆ ಥರ ಬರುತ್ತೆ, ಅಕ್ಕ ಕಾಲೊರೆಸೋಕೆ ಹಾಸು ಅಂದಳು ಅಂತಾನೂ ಬರೆದಿದ್ದೆ. ನೀನು ತಿದ್ದಿಸಿದೆ ಅಂದೆ. ಜಡೆ ಬಂತು ಅಂದೆ. ಒಂದು ಗಂಟೆ ಕೂತೆ ಅಂದೆ, ಕಣ್ಣಲ್ಲಿ ನೀರು ಅಂದೆ. ಆ ಕಾಗದ ನೀನು ಪೂರ್ತಿ ಓದಲಿಲ್ಲ, ಸಂಖ್ಯೆ ತಿದ್ದಿಸಲಿಲ್ಲ, ಬಂದ ಚಿತ್ರನ ಸರಿಯಾಗಿ ನೋಡಲೂ ಇಲ್ಲ. ಮೇಷ್ಟ್ರು ಆಗಿನ್ನೂ ನಿನ್ನ ಆಫೀಸಿಗೆ ಬಂದೇ ಇರಲಿಲ್ಲ ಕಣೇ. ಯಾರೂ ನಿನ್ನನ್ನ ಹೆದರಿಸಿರಲಿಲ್ಲ, ಯಾವ ಕುರ್ಚಿಯೂ ಮಧ್ಯೆ ಇರಲಿಲ್ಲ. ಆಗಲೇ ನನಗೆ ಕೈ ಕೊಟ್ಟಿದ್ದೆ. ಮೇಷ್ಟ್ರ ವಿಷಯ ಎಂದಾದರೂ ಮರೀತೀನೇನೋ. ಆ ಎರಡು ಸಾಲಿನ ಕಾಗದ ಮರೆಯೋಕಾಗಲ್ಲ. ಅದನ್ನ ನಾನು ಅಕ್ಕನಿಗೆ ಮೂರು ಸಲ ಓದಿ ಹೇಳಿದ್ದೆ.

ಅಕ್ಕನಿಗೆ ಈಗ ಎಡಗಣ್ಣು ಪೂರ್ತಿ ಹೋಗಿದೆ. ನಿನ್ನ ಕೂದಲು ಬೆಳೀತಾ ಅಂತ ಮೊನ್ನೆ ಕೇಳಿದಳು. ಗೊತ್ತಿಲ್ಲ ಅಂದೆ.

ಜಡೆ ಫೋಟೋ ಕಳಿಸ್ತಿಲ್ಲ. ಸರಿಯಾದ ಸಂಖ್ಯೆ ಪತ್ರಿಕೆಯಲ್ಲಿರುತ್ತೆ, ನಾಲ್ಕನೇದು. ಎಲ್ಲರ ಹಾಗೆ ನೀನೂ ತರಿಸ್ಕೊಂಡು, ಹನ್ನೊಂದನೇ ಅಂಕಿ 3 ಇದೆಯಾ ನೋಡ್ಕೊಂಡು, ಲೆಕ್ಕಕ್ಕೆ ಹಚ್ಚು. ಬಂದ ಮೇಲೆ ಒಂದು ಗಂಟೆ ಅದರ ಮುಂದೆ ಕೂತ್ಕೋ. ನನಗೇನೂ ಬರೀಬೇಡ, ಸುಮ್ಮನೆ ನೋಡು.